ಫಿಯರ್ಸ್ ಹುಡುಗಿಗೆ ಕನ್ನಡದಲ್ಲಿ ಏನನ್ನೋಣ?

ಇಂಗ್ಲಿಷಿನ ‘ಫಿಯರ್ಸ್’ ಪದಕ್ಕೆ ನಿಘಂಟಿನಲ್ಲಿ ಉಗ್ರ, ಕ್ರೂರ, ಭೀಕರ, ತೀವ್ರ ಎಂಬ ಅರ್ಥಗಳು ಸಾಲಾಗಿ ಸಿಗುತ್ತವೆ. ಕಚ್ಚುವ ನಾಯಿಗೆ, ಕಾಳಗಕ್ಕೆ, ಪೈಪೋಟಿಗೆ ಇಷ್ಟು ಸಾಕು. ಆದರೆ ಪುಣೆಯಲ್ಲೋ ಚೆನ್ನೈಯಲ್ಲೋ ಓದುವ ಹುಡುಗಿಯನ್ನು ಅವಳ ಟೀಚರ್ ‘ಶಿ ಈಸ್ ಫಿಯರ್ಸ್’ ಎಂದು ಹೊಗಳಿದರೆ, ಊರಲ್ಲಿರುವ ಅಜ್ಜಿಗೆ ತಾಯಿ ಅದನ್ನು ಫೋನಿನಲ್ಲಿ ಹೇಗೆ ಹೇಳಬೇಕು? ‘ನಿಮ್ಮ ಮೊಮ್ಮಗಳು ಭಾರಿ ಉಗ್ರ’ ಎಂದರೆ ಅಜ್ಜಿ ಗಾಬರಿಯಾದಾರು.

ಪದದ ಬೇರು ಲ್ಯಾಟಿನ್ನಿನ ‘ಫೆರುಸ್’, ಅಂದರೆ ಪಳಗದ್ದು, ಕಾಡಿನದು. ಹಳೆಯ ಫ್ರೆಂಚಿಗೆ ಬರುವಷ್ಟರಲ್ಲಿ ಅದಕ್ಕೆ ಧೈರ್ಯ, ಹೆಮ್ಮೆಗಳೂ ಸೇರಿಕೊಂಡಿದ್ದವು. ಇಂದಿನ ಫ್ರೆಂಚಿನಲ್ಲಿ ‘ಫಿಯೆರ್’ ಎಂದರೆ ಹೆಮ್ಮೆಯುಳ್ಳವನು. ಇಂಗ್ಲಿಷಿನಲ್ಲೂ ಮೊದಲು ಈ ಅರ್ಥವಿತ್ತು. ಕಾಲಕ್ರಮೇಣ ಹೆಮ್ಮೆ ಸವೆದು ಉಗ್ರತೆಯಷ್ಟೇ ಉಳಿಯಿತು.

ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಹೆಲೆನಾ ತನ್ನ ಕುಳ್ಳಗಿನ ಗೆಳತಿ ಹರ್ಮಿಯಾಳನ್ನು ಫಿಯರ್ಸ್ ಎನ್ನುತ್ತಾಳೆ. ಅದು ಹೊಗಳಿಕೆಯಲ್ಲ, ಹೊಡೆದಾಳೆಂಬ ಭಯದಲ್ಲಿ ಆಡಿದ ದೂರು. ಈಗ ಅದೇ ಸಾಲು ಹೆಣ್ಣುಮಕ್ಕಳ ಟೀ ಶರ್ಟುಗಳ ಮೇಲೆ ಅಭಿಮಾನದ ಮಾತಾಗಿ ಅಚ್ಚಾಗುತ್ತದೆ. ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೋ ಸಲಿಂಗಿಗಳ, ಟ್ರಾನ್ಸ್‌ಜೆಂಡರ್ ಜನರ ಬಾಲ್‌ರೂಂ ಕೂಟಗಳಲ್ಲಿ, ಸಿಂಗರಿಸಿಕೊಂಡು ಅಳುಕಿಲ್ಲದೆ ನಡೆದು ಬಂದವರಿಗೆ ಈ ಪದ ಮೆಚ್ಚುಗೆಯಾಗಿ ಸಲ್ಲುತ್ತಿತ್ತು. 2008ರಲ್ಲಿ ಬಿಯಾನ್ಸೆ ತನ್ನ ಆಲ್ಬಮ್ಮಿನಲ್ಲಿ, ವೇದಿಕೆಯ ಮೇಲಿನ ತನ್ನ ಇನ್ನೊಂದು ರೂಪವನ್ನು ಸಾಶಾ ಫಿಯರ್ಸ್ ಎಂದು ಕರೆದುಕೊಂಡಳು. ಕಳೆದುಹೋಗಿದ್ದ ಹೆಮ್ಮೆ ಮರಳಿತ್ತು.

ನಮ್ಮ ‘ಉಗ್ರ’ಕ್ಕೆ ಅಂಥ ಅದೃಷ್ಟ ಒದಗಲಿಲ್ಲ. ಹಂಪಿಯಲ್ಲಿ ಕೃಷ್ಣದೇವರಾಯ 1528ರಲ್ಲಿ ಕಡೆಸಿದ್ದು ಲಕ್ಷ್ಮೀನರಸಿಂಹನನ್ನು. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋದ ಮೇಲೆ ಜನರ ಬಾಯಲ್ಲಿ ಅವನು ಉಗ್ರನರಸಿಂಹನಾದ. ಮುಖ ಅದೇ, ಪಕ್ಕದವಳು ಇಲ್ಲದಾಗ ಹೆಸರು ಬದಲಾಯಿತು. ಇನ್ನು ಪತ್ರಿಕೆಗಳ ತಲೆಬರಹದಲ್ಲಿ ‘ಉಗ್ರ’ ಎಂದರೆ ಬಾಂಬಿಟ್ಟವನು. ದೇವರಿಗೂ ಭಯೋತ್ಪಾದಕನಿಗೂ ಸಂದ ಪದವನ್ನು ಎಂಟನೇ ಕ್ಲಾಸಿನ ಹುಡುಗಿಗೆ ಕೊಡುವುದು ಕಷ್ಟ.

ಹುಡುಗಿ ಎದುರುತ್ತರ ಕೊಟ್ಟರೆ ಬೈಯಲು ಗಯ್ಯಾಳಿ, ಬಜಾರಿ ಸಿದ್ಧವಾಗಿಯೇ ಇವೆ. ಅವಳು ಮಾತಾಡಿದ್ದು ಜೊತೆಯವಳಿಗಾದ ಅನ್ಯಾಯದ ವಿರುದ್ಧವೇ ಆಗಿದ್ದರೂ ಬೈಗುಳ ಬದಲಾಗುವುದಿಲ್ಲ. ಇಂಥ ಹೆಸರು ಒಮ್ಮೆ ಅಂಟಿಕೊಂಡರೆ ಮುಂದಿನ ಸಲ ಅವಳು ಬಾಯಿ ತೆರೆಯುವ ಮೊದಲು ಎರಡು ಸಲ ಯೋಚಿಸುತ್ತಾಳೆ. ಪದದ ಆಯ್ಕೆ ಇಲ್ಲಿ ಬರೀ ಅನುವಾದದ ಪ್ರಶ್ನೆಯಲ್ಲ.

ಹೊಗಳುವ ಪದಗಳೂ ಇಲ್ಲದಿಲ್ಲ. ಮುಂಬೈ, ಪುಣೆಯವರಿಗೆ ‘ಖಡಕ್’ ಹತ್ತಿರದ್ದು. ಚಹಾಕ್ಕೂ ರೊಟ್ಟಿಗೂ ಅಧಿಕಾರಿಗೂ ಸಲ್ಲುತ್ತದೆ, ಆದರೆ ಅದರಲ್ಲಿ ಬಿರುಸೇ ಹೆಚ್ಚು. ‘ಗಟ್ಟಿಗಿತ್ತಿ’ಯಲ್ಲಿ ಧೈರ್ಯವಿದೆ, ಬದುಕನ್ನು ನಿಭಾಯಿಸುವ ಜಾಣತನವಿದೆ. ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ‘ಕೆಚ್ಚು’. ಮರದ ನಡುವಿನ ಗಟ್ಟಿ ತಿರುಳಿಗೂ ಮನುಷ್ಯರ ಎದೆಗಾರಿಕೆಗೂ ಅದೇ ಹೆಸರು. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರು ಚೆನ್ನಮ್ಮನ ಬಗ್ಗೆ ಹೇಳುವಾಗ ಬಾಯಿಗೆ ಬರುವುದೂ ‘ಕೆಚ್ಚೆದೆ’ಯೇ.

‘ನಿಮ್ಮ ಮೊಮ್ಮಗಳಿಗೆ ಕೆಚ್ಚಿದೆ’ ಎಂದರೆ ಅಜ್ಜಿಗೆ ಬಿಡಿಸಿ ಹೇಳುವ ಅಗತ್ಯ ಬೀಳದು.