ಅರೋಚಕಿಯ ಉಪಕಾರ

ನನ್ನ ಮೊಮ್ಮಗನು ವಿಡಿಯೋ ಗೇಮುಗಳಲ್ಲಿ ಬಹುಕಾಲ ಪಳಗಿದವನು. ಹೊಸ ಆಟವನ್ನು ಕೊಳ್ಳುವ ಮುನ್ನ ಅತಿ ಕಟುವಾದ ವಿಮರ್ಶಕನ ಮಾತನ್ನೇ ಹುಡುಕುವನು. ಕಾರಣ ಕೇಳಿದೆನು. "ಎಲ್ಲವನ್ನೂ ಮೆಚ್ಚುವವನಿಂದ ನನಗೆ ತಿಳಿಯುವುದೇನಜ್ಜಾ?" ಎಂದನು.

ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ವಿಮರ್ಶಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು: ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತ ಉಣ್ಣುವ ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ. ಜ್ಞಾನದಿಂದ ಹುಟ್ಟಿದ ಅರುಚಿಯು ನಿಜವಾದ ಗುಣವನ್ನು ಕಂಡಲ್ಲಿ ಕರಗುವುದೆಂದೂ ಅವನ ಮತ. ಪಾಠಶಾಲೆಯಲ್ಲಿ ಇದನ್ನು ಓದಿದ್ದೆನು. ಅರ್ಥವಾದುದು ದೊಡ್ಡಾಟದ ಅಟ್ಟದ ಮುಂದೆ.

ಶಿಗ್ಗಾಂವಿ ಸೀಮೆಯಲ್ಲಿ ವೃದ್ಧ ಪ್ರೇಕ್ಷಕರೊಬ್ಬರಿದ್ದರು. ಯಾವ ಆಟವೂ ಅವರಿಗೆ ಹಿಡಿಸದು. "ಪದ ಹೆಚ್ಚು, ಮಾತು ಕಡಿಮೆ" ಎಂದು ಅವರು ಹಳಿದರೆ, ಪದಪ್ರಿಯನಾದ ನಾನು ಆ ಮೇಳದ ಮುಂದಿನ ಆಟಕ್ಕೆ ತಪ್ಪದೆ ಹೊರಡುತ್ತಿದ್ದೆನು. "ಕೂತು ನೋಡಬಹುದು" ಎಂದರೋ, ಹಾನಗಲ್ಲ ಕಡೆಯವರೂ ಬಂಡಿ ಹೂಡುತ್ತಿದ್ದರು.

ಹೊಸಬನಿಗೆ ಹೊಗಳಿಕೆ ಹುರುಪನ್ನೀಯುವುದು. ಹಳಬನಿಗೆ ಬೇಕಾದುದು ಒರೆಗಲ್ಲು.

ಆ ಹಿರಿಯರು ಈಗಿಲ್ಲ. ಮುಂದಿನ ಸಾಲಿನಲ್ಲಿ ನನ್ನನ್ನು ಕೂರಿಸಿ, ಎರಡು ಮಾತು ಕೇಳುವರು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಎಲ್ಲವನ್ನೂ "ಅತ್ಯುತ್ತಮ"ವೆನ್ನುವೆನು. ಮೊನ್ನೆ ತರುಣ ವೇಷಧಾರಿಯೊಬ್ಬನು ಹಿಂಬಾಲಿಸಿ ಬಂದು, "ಮಾಸ್ತರ, ನಿಜವಾಗಿ ಹೇಗಿತ್ತು?" ಎಂದನು. ನನ್ನ ಹೊಗಳಿಕೆಯ ಬೆಲೆ ಅವನಿಗೆ ಆಗಲೇ ತಿಳಿದಿತ್ತು.