ನೇಗಿಲು ಎಳೆದ ಕೆಂಗುದುರೆ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೊಕ್ ಪ್ರಾಂತ್ಯದಲ್ಲಿ ಬೆಟ್ಟಗಳಿಲ್ಲ. ಕಣ್ಣು ಹಾಯುವಷ್ಟು ದೂರ ಗೋಧಿ, ಬಾರ್ಲಿ ಹೊಲಗಳು. ಒಳನಾಡಿನ ಮಣ್ಣೋ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡದ ಜೇಡಿ. ಈ ಮಣ್ಣನ್ನು ಉಳಲೆಂದೇ ಅಲ್ಲಿನ ರೈತರು ಬೆಳೆಸಿದ ಕುದುರೆ ಸಫೊಕ್ ಪಂಚ್. ಇಲ್ಲಿ ಪಂಚ್ ಎಂದರೆ ಗುದ್ದು ಅಲ್ಲ. ಗಿಡ್ಡಗೆ, ದುಂಡಗೆ ಇರುವುದಕ್ಕೆ ಹಿಂದೆ ಇಂಗ್ಲಿಷರು ಬಳಸುತ್ತಿದ್ದ ಮಾತು.

ಬೆನ್ನಿನವರೆಗೆ ಸುಮಾರು ಐದೂವರೆ ಅಡಿ ಎತ್ತರ, ಒಂದು ಟನ್ನಿನ ಹತ್ತಿರ ತೂಕ, ಪೀಪಾಯಿಯಂಥ ಹೊಟ್ಟೆ. ಶೈರ್, ಕ್ಲೈಡ್ಸ್‌ಡೇಲ್ ಕುದುರೆಗಳ ಪಾದದ ಸುತ್ತ ಜೂಲಿನಂತೆ ಕೂದಲು ಇಳಿಬಿದ್ದಿರುತ್ತದೆ. ಸಫೊಕ್‌ಗೆ ಆ ಶೋಕಿ ಇಲ್ಲ. ಕೆಸರು ಅಂಟದಿರಲಿ ಎಂದು ರೈತರು ಕಾಲು ನುಣುಪಾಗಿರುವ ಕುದುರೆಗಳನ್ನೇ ಆರಿಸಿ ತಳಿ ಬೆಳೆಸಿದರು. ಬಣ್ಣ ಒಂದೇ, ಕಂದುಗೆಂಪು. ಆದರೆ ಅದರಲ್ಲಿ ಏಳು ಛಾಯೆ! ಚೆಸ್ಟ್‌ನಟ್ ಎಂಬ ಪದವನ್ನು ಈ ಕುದುರೆಗೆ ಬಳಸುವಾಗ ನಡುವಿನ ಟಿ ಅಕ್ಷರವನ್ನು ಬಿಟ್ಟೇ ಬರೆಯುವುದು ಅಲ್ಲಿನವರ ಸಂಪ್ರದಾಯ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಹೋದೀತು.

ಇದರ ಹಟ ಸಂತೆಗಳಲ್ಲಿ ಹೆಸರುವಾಸಿಯಾಗಿತ್ತು. ಕೊಳ್ಳುವವರು ಕುದುರೆಯನ್ನು ಉರುಳಿಬಿದ್ದ ಭಾರಿ ಮರಕ್ಕೆ ಕಟ್ಟಿ ಎಳೆಸುತ್ತಿದ್ದರು. ಮರ ಕದಲಬೇಕೆಂದಿರಲಿಲ್ಲ. ಎಳೆಯುತ್ತ ಮುಂಗಾಲು ಮಂಡಿಯೂರಿದರೆ ಸಾಕು, ಕುದುರೆ ಪಾಸು.

ಇಂದು ಬದುಕಿರುವ ಸಫೊಕ್ ಕುದುರೆಗಳೆಲ್ಲ ಒಂದೇ ಗಂಡುಕುದುರೆಯ ಸಂತತಿ. ವುಡ್‌ಬ್ರಿಜ್ ಪೇಟೆಯ ಬಳಿಯ ಅಫರ್ಡ್ ಹಳ್ಳಿಯ ಥಾಮಸ್ ಕ್ರಿಸ್ಪ್ ಎಂಬ ರೈತನ ಆ ಕುದುರೆ ಹುಟ್ಟಿದ್ದು 1768ರಲ್ಲಿ. ಅದಕ್ಕೊಂದು ಹೆಸರೂ ಇರಲಿಲ್ಲ. ವಂಶಾವಳಿಯ ಪುಸ್ತಕದಲ್ಲಿ ಅದು 'ಕ್ರಿಸ್ಪ್‌ನ ಕುದುರೆ', ಕ್ರಮಸಂಖ್ಯೆ 404. ಉಳಿದ ಗಂಡುಗಳ ವಂಶಗಳು ಕಾಲಕ್ರಮದಲ್ಲಿ ಅಳಿದವು. 1877ರಲ್ಲಿ ಸಫೊಕ್ ಕುದುರೆ ಸಂಘ ಹುಟ್ಟಿತು. ಹರ್ಮನ್ ಬಿಡೆಲ್ ಹಳೆಯ ದಾಖಲೆಗಳನ್ನು ಕೆದಕಿ ವಂಶಾವಳಿ ಸಿದ್ಧಪಡಿಸಿದ್ದರಿಂದಲೇ ಇಷ್ಟೆಲ್ಲ ಗೊತ್ತಾಗಿದೆ.

ಊರಿನ ರೈತರು ತಮ್ಮ ಕೆಲಸಕ್ಕೇ ಸಾಕಿಕೊಂಡಿದ್ದರಿಂದ ತಳಿ ಶುದ್ಧವಾಗಿ ಉಳಿಯಿತು. ಆದರೆ ಹೊರಗೆ ಹೆಚ್ಚು ಹರಡಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರುಗಳು ಹೊಲಕ್ಕಿಳಿದಾಗ ಇದೇ ಮುಳುವಾಯಿತು. ಮೇವು ತಿನ್ನುವ ಕುದುರೆಯನ್ನು ಸುಮ್ಮನೆ ಸಾಕುವವರು ಯಾರು? ಬಹಳಷ್ಟು ಕುದುರೆಗಳು ಕಸಾಯಿಖಾನೆಗೆ ಹೋದವು. 1966ರಲ್ಲಿ ದಾಖಲಾದ ಮರಿಗಳು ಬರೇ ಒಂಬತ್ತು.

ಆಗ ತಳಿ ಉಳಿಯಲು ನೆರವಾದ ಜಾಗಗಳಲ್ಲೊಂದು ಸೆರೆಮನೆ! ಸಮುದ್ರತೀರದ ಹೋಲ್ಸ್‌ಲಿ ಬೇಯಲ್ಲಿ 1938ರಿಂದ ದಾರಿತಪ್ಪಿದ ಹುಡುಗರ ಬಂಧನಾಲಯವಿತ್ತು. ಅದರ ಜಮೀನಿನಲ್ಲಿ ಬಂದಿಗಳೇ ಕುದುರೆಗಳ ಮೈ ಉಜ್ಜಿ, ಮೇವು ಹಾಕಿ ನೋಡಿಕೊಂಡರು. ಖರ್ಚು ಉಳಿಸಲು ಸೆರೆಮನೆ ಇಲಾಖೆ ಲಾಯವನ್ನು ಮಾರಲು ಹೊರಟಾಗ ಸಫೊಕ್ ಪಂಚ್ ಟ್ರಸ್ಟ್ ಹಣ ಕೂಡಿಸಿ 2006ರಲ್ಲಿ ಅದನ್ನು ಕೊಂಡಿತು.

ಬ್ರಿಟನ್ನಿನಲ್ಲಿ ಈಗ ಇರುವ ಸಫೊಕ್ ಕುದುರೆಗಳು ಸುಮಾರು 500. ಅವುಗಳಲ್ಲಿ ಮರಿ ಹಾಕಬಲ್ಲ ಹೆಣ್ಣುಗಳು ತೀರ ಕಡಿಮೆ. ಆದ್ದರಿಂದ ಹೆಣ್ಣುಮರಿಯೇ ಹುಟ್ಟುವಂತೆ ವೀರ್ಯಾಣುಗಳನ್ನು ಬೇರ್ಪಡಿಸಿ ಗರ್ಭಧಾರಣೆ ಮಾಡಿಸುವ ಪ್ರಯೋಗ ನಡೆಯಿತು. 2020ರಲ್ಲಿ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಲಾಯದಲ್ಲಿ ಮರಿ ಹುಟ್ಟಿತು. ಹೆಣ್ಣುಮರಿಯೇ.