ಗೇಮ್ ಕಂಟ್ರೋಲರ್ ಬಿಚ್ಚಿದ್ವಿ, ಸ್ಪ್ರೇಯರ್ ರೋಗ ಸಿಕ್ತು

ಮಗನ ಗೇಮ್ ಕಂಟ್ರೋಲರ್‌ದು ಎಡಗಡೆ ಸ್ಟಿಕ್ ಮುಟ್ಟದಿದ್ರೂ ಆಟದೊಳಗಿನ ಮನುಷ್ಯ ತಾನೇ ಓರೆಯಾಗಿ ನಡೀತಾನೆ. ಎರಡು ವರ್ಷ ಹಬ್ಬದ ದುಡ್ಡು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಅಂಗಡಿಯವರು ಹೊಸದೇ ತಗೊಳ್ಳಿ ಅಂದ್ರಂತೆ. ಭಾನುವಾರ ತ್ರೀ ಫೇಸ್ ಇರಲಿಲ್ಲ, ನೀರು ಕಟ್ಟೋ ಹಾಗಿರಲಿಲ್ಲ, ಇಬ್ಬರೂ ಜಗಲಿ ಮೇಲೆ ಕೂತು ಬಿಚ್ಚಿದ್ವಿ.

ಹಿಂದೆ ನಾಲ್ಕು ಸ್ಕ್ರೂ, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಎರಡೂ ಹೋಳಿಗೆ ಒಂದು ಪಟ್ಟಿ ವೈರ್ ಸೇರಿಕೊಂಡಿರುತ್ತೆ, ಜೋರಾಗಿ ಎಳೆದ್ರೆ ಹರಿಯುತ್ತೆ. ಮೊದಲು ಬ್ಯಾಟರಿ ಪಿನ್ ಕಿತ್ತಿಟ್ವಿ. ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ಮೊನೆ ತಾಗಿ ತೂತಾದ್ರೆ ಬೆಂಕಿ ಹತ್ತಬಹುದು, ಹುಷಾರು.

ಆಟದಲ್ಲಿ ಗಾಡಿ ಗುದ್ದಿದಾಗ ಕೈ ನಡುಗೋದು ಹೇಗೆ ಅಂತ ನನಗೆ ಮೊದಲಿಂದ ಕುತೂಹಲ. ಎರಡು ಹಿಡಿಯಲ್ಲಿ ಎರಡು ಪುಟ್ಟ ಮೋಟರ್, ಶಾಫ್ಟಿಗೆ ಒಂದೇ ಪಕ್ಕಕ್ಕೆ ಭಾರದ ಲೋಹದ ತುಂಡು. ಒಂದರದು ದೊಡ್ಡದು, ಇನ್ನೊಂದರದು ಚಿಕ್ಕದು. ಕಳೆ ಹೊಡೆಯೋ ಮಿಷನ್ ಬ್ಲೇಡು ಒಂದು ಕಡೆ ಮುರಿದ್ರೆ ಕೈ ಗಡಗಡ ಅನ್ನುತ್ತಲ್ಲ, ಅದನ್ನೇ ಇವರು ಬೇಕು ಅಂತ ಮಾಡಿದ್ದಾರೆ!

ಅಸಲಿ ವಿಷಯ ಸ್ಟಿಕ್ ಬುಡದಲ್ಲಿದೆ. ಅಲ್ಲಿ ಎರಡು ಪುಟಾಣಿ ಡಬ್ಬಿ, ಒಂದು ಎಡ-ಬಲಕ್ಕೆ, ಒಂದು ಹಿಂದೆ-ಮುಂದಕ್ಕೆ. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡೋ ಲೋಹದ ನಾಲಿಗೆ. ನಾಲಿಗೆ ಎಲ್ಲಿ ನಿಂತಿದೆ ಅನ್ನೋದರ ಮೇಲೆ ವೋಲ್ಟೇಜ್ ಹೆಚ್ಚು ಕಮ್ಮಿ ಆಗುತ್ತೆ. ಹಳೇ ರೇಡಿಯೋ ವಾಲ್ಯೂಮ್ ತಿರುಗಿಸಿದ್ರೆ ಕರಕರ ಅಂತಿತ್ತಲ್ಲ, ಅದೇ ಸಾಮಾನು. ಪಟ್ಟಿ ಸವೆದ್ರೆ, ಧೂಳು ಕೂತ್ರೆ, ಸುಳ್ಳು ಲೆಕ್ಕ ಕೊಡುತ್ತೆ. ಸೆಗಾ ಕಂಪನಿ 1998ರಲ್ಲೇ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ಗೆ ಉಜ್ಜಾಟವೇ ಇಲ್ಲದ ಆಯಸ್ಕಾಂತದ ಸೆನ್ಸರ್ ಹಾಕಿತ್ತು. ಆದ್ರೂ ಎಲ್ಲರೂ ಆ ದಾರಿ ಹಿಡಿಯಲಿಲ್ಲ.

ಆಗ ನನಗೆ ಹೊಳೆದದ್ದು ನಮ್ಮ ಬ್ಯಾಟರಿ ಸ್ಪ್ರೇಯರ್. ಅದರ ಸ್ಪೀಡ್ ತಿರುಪಿನ ಹಿಂದೆಯೂ ಇದೇ ಕಾರ್ಬನ್ ಪಟ್ಟಿ. ಟೊಮೆಟೊಗೆ ಹೊಡೀವಾಗ ಒಂದು ಸಾಲಿಗೆ ಧಾರೆ, ಮುಂದಿನ ಸಾಲಿಗೆ ಬರೀ ತುಂತುರು. ಒಂದು ಕಡೆ ಎಲೆ ಸುಟ್ಟಿತ್ತು, ಇನ್ನೊಂದು ಕಡೆ ಅಂಗಮಾರಿ ನಿಂತಿರಲಿಲ್ಲ. ಬ್ಯಾಟರಿ ಬದಲಿಸೋಣ ಅಂತಿದ್ದೆ. ತಿರುಪು ಅಲ್ಲಾಡಿಸಿದಾಗ ಧಾರೆ ಹಾರಿ ಹಾರಿ ಬಂದ್ರೆ ಮೊದಲು ಅದನ್ನೇ ನೋಡಿ. ಬ್ಯಾಟರಿ ವೈರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಒಣಗಿಸಿ. ನಂದು ಸರಿಹೋಯ್ತು.

ಕಂಟ್ರೋಲರ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಪಟ್ಟಿಯೇ ಸವೆದಿದೆ. ಸ್ಟಿಕ್ ಬದಲಿಸೋಕೆ 14 ಕಾಲಿನ ಬೆಸುಗೆ ಬಿಡಿಸಬೇಕು, ಮೊಬೈಲ್ ರಿಪೇರಿಯವರ ಹತ್ರ ಕೊಡಬೇಕು. ಸಂತೆ ದಿನ ಮಗ ನನ್ನ ಜೊತೆ ಬರ್ತಾನೆ.

ಸ್ಪ್ರೇಯರ್ ಬಿಚ್ಚೋರು ಮೊದಲು ಔಷಧಿ ಪೂರ್ತಿ ಖಾಲಿ ಮಾಡಿ ತೊಳೀರಿ, ಕೈಗೆ ಗ್ಲೌಸ್ ಇರಲಿ.